ಊರಾಚೆಯ ಬೆಕ್ಕು

ಬೆಳಗಾವಿ ನಗರದಲ್ಲಿ ಬೆಕ್ಕು ಇಲಿಯನ್ನು ಹಿಡಿದರೆ ಮೆಚ್ಚುಗೆ, ಗುಬ್ಬಿಯನ್ನು ಹಿಡಿದರೆ ಜಗಳ. ಬೇಟೆಯು ಅದರ ಹುಟ್ಟುಗುಣವೆಂದು ಒಂದು ಪಕ್ಷ. ಅದನ್ನು ಊರಾಚೆ ಬಿಟ್ಟುಬರಬೇಕೆಂದು ಇನ್ನೊಂದು ಪಕ್ಷ. ಸಾಕಿದವರ ಹೊಣೆಯ ಮಾತು ಎರಡರಲ್ಲಿಯೂ ಇಲ್ಲ.

ಊರಾಚೆ ಎಂದರೆ ಎಲ್ಲಿ? ದಕ್ಷಿಣಕ್ಕೆ ಖಾನಾಪುರ ತಾಲೂಕು. ಅಲ್ಲಿ 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮ. ಅಲ್ಲಿಯ ಬಾರಾಪೇಡೆ ಗುಹೆಗಳಲ್ಲಿರುವ ರಾಟನ್ ಬಾವಲಿಯು 1913ರಲ್ಲಿ ವಿಜ್ಞಾನಿಗಳಿಂದ ಹೆಸರು ಪಡೆಯಿತು. ಜಗತ್ತಿನಲ್ಲಿ ಅದರ ನೆಲೆಗಳು ಬೆರಳೆಣಿಕೆಯಷ್ಟು. ಬೆಕ್ಕಾದರೋ ಓತಿ, ಕಪ್ಪೆ, ಹಕ್ಕಿಗಳನ್ನಲ್ಲದೆ ಬಾವಲಿಯನ್ನೂ ಹಿಡಿಯಬಲ್ಲದು, ಹೊಟ್ಟೆ ತುಂಬಿದ್ದರೂ ಬೇಟೆಯನ್ನು ಬಿಡದು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1890ರ ದಶಕದಲ್ಲಿ, ದೀಪಸ್ತಂಭ ಕಟ್ಟಿದ ಬಳಿಕ ಸೇರಿಕೊಂಡ ಬೆಕ್ಕುಗಳಿಂದ ಹಾರಲಾರದ ಪುಟ್ಟ ಹಕ್ಕಿಯೊಂದರ ಕುಲವೇ ಅಳಿಯಿತು.

ಹಾಗೆಂದು ಖಾನಾಪುರದ ಭತ್ತದ ರೈತನಿಗೆ ಬೆಕ್ಕು ಬೇಡವೆನ್ನುವುದು ಸಲ್ಲದು. ಬೆಕ್ಕು ಹೋದ ಮನೆಗೆ ಇಲಿಪಾಷಾಣ ಬರುತ್ತದೆ. ಪಾಷಾಣ ತಿಂದ ಇಲಿಯನ್ನು ತಿಂದು ಗೂಗೆಯೂ ಸಾಯುತ್ತದೆ. ರಾತ್ರಿ ಬೆಕ್ಕು ಮನೆಯೊಳಗೇ ಇರಲಿ, ಕಣಜದ ಇಲಿ ಇರುವುದೂ ಅಲ್ಲಿಯೇ. ನಗರದವರು ತಮ್ಮ ಬೆಕ್ಕುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಲಿ. ಮರಿಗಳನ್ನು ಚೀಲದಲ್ಲಿ ತಂದು ಕಾಡಂಚಿನಲ್ಲಿ ಬಿಡುವುದಕ್ಕೆ ದಯೆಯೆಂಬ ಹೆಸರು ಒಪ್ಪದು. ಪ್ರಾಣಿಯನ್ನು ಹಸಿವಿನಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಂತೆ ಅಪರಾಧವೂ ಹೌದು.