ಚಾಳಿನ ವ್ಯಾಜ್ಯ ಮತ್ತು ಶ್ರಾವಕನ ಅಣುವ್ರತ

ಮುಂಬಯಿಯ ಹಳೆಯ ಚಾಳುಗಳಲ್ಲಿ ಮನೆ ತೆರವಿನ ವ್ಯಾಜ್ಯವೆಂದರೆ, ಎಷ್ಟೋ ವೇಳೆ, ತಂದೆ ಹೂಡಿದ ದಾವೆಯನ್ನು ಮಗ ಮುಂದುವರಿಸುವ ಸಂಗತಿ. ಅದರ ಎರಡೂ ಬದಿಗಳಲ್ಲಿ ನಮ್ಮವರಿದ್ದಾರೆ. ಕಟ್ಟಡಗಳ ಮಾಲೀಕರಲ್ಲಿ ಜೈನ ಕುಟುಂಬಗಳೂ ಧಾರ್ಮಿಕ ಟ್ರಸ್ಟುಗಳೂ ಇವೆ. ಊರು ಬಿಟ್ಟು ಬಂದು ಒಂದು ಖೋಲಿಯಲ್ಲಿ ಸಂಸಾರ ನಡೆಸಿದವರಲ್ಲಿ ಕನ್ನಡ ಜೈನರೂ ಇದ್ದಾರೆ. ಆದುದರಿಂದ ಈ ಪ್ರಶ್ನೆಯನ್ನು ವಕೀಲರಿಗಷ್ಟೇ ಬಿಟ್ಟು ಸಮಾಜವು ಸುಮ್ಮನಿರುವುದು ಸಲ್ಲದು.

1947ರ ಬಾಂಬೆ ಬಾಡಿಗೆ ಕಾಯ್ದೆಯು ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ವಸತಿಯ ಅಭಾವದ ಆ ದಿನಗಳಲ್ಲಿ ಅದು ಬಡವರಿಗೆ ಆಸರೆಯಾಯಿತು. ಅರ್ಧ ಶತಮಾನ ಕಳೆದರೂ ಅದನ್ನು ತಿದ್ದುವ ಧೈರ್ಯವನ್ನು ಆಳಿದವರು ತೋರಲಿಲ್ಲ. 1997ರಲ್ಲಿ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ನಿರ್ಬಂಧವು ಕಾಲಕ್ರಮದಲ್ಲಿ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು ಅಭಿಪ್ರಾಯಪಟ್ಟಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯು ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಅವಕಾಶ ನೀಡಿತು. ಮೂಲ ಬಾಡಿಗೆಯೇ ಅತ್ಯಲ್ಪವಾಗಿರುವಾಗ ಆ ಏರಿಕೆ ದುರಸ್ತಿಗೂ ಸಾಲದು. ಮಾಲೀಕನು ದುರಸ್ತಿ ನಿಲ್ಲಿಸಿದನು; ಬಿಟ್ಟರೆ ಮತ್ತೆ ಸೂರು ದೊರೆಯದೆಂದು ಬಾಡಿಗೆದಾರನು ಖೋಲಿಯನ್ನು ಬಿಗಿಹಿಡಿದನು. ಇಬ್ಬರ ಭಯಕ್ಕೂ ಕಾರಣವಿದೆ. ಅನೇಕಾಂತವನ್ನು ಒಪ್ಪುವವರು ಮೊದಲು ಇದನ್ನು ಒಪ್ಪಬೇಕು.

ಆದರೆ ಭಯವು ಅನಾಚಾರಕ್ಕೆ ಅನುಮತಿಯಾಗದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಣುವ್ರತಗಳ ಅತಿಚಾರಗಳನ್ನು ಹೇಳುತ್ತದೆ. ಅಹಿಂಸೆಯ ಅತಿಚಾರಗಳಲ್ಲಿ ಒಂದು ಅನ್ನಪಾನನಿರೋಧ. ಬಾಡಿಗೆದಾರನನ್ನು ಹೊರಹಾಕಲು ನಲ್ಲಿಯ ನೀರನ್ನು ಕಡಿದವನು ಮಾಡಿದ್ದು ಇದನ್ನೇ. 1999ರ ಕಾಯ್ದೆಯ 29ನೆಯ ಕಲಮೂ ಅದನ್ನು ನಿಷೇಧಿಸಿದೆ. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯಿದೆ. ಹಳೆಯ ತಾರೀಖಿನ ರಸೀದಿ ಸೃಷ್ಟಿಸುವ ಮಾಲೀಕನೂ, ಎಂದೂ ಜೊತೆಯಲ್ಲಿ ವಾಸಿಸದ ನೆಂಟನನ್ನು ವಾರಸುದಾರನೆಂದು ದಾಖಲಿಸುವ ಬಾಡಿಗೆದಾರನೂ ಅದರಲ್ಲಿ ಸಮಪಾಲುದಾರರು. ಠೇವಣಿಯನ್ನು ನುಂಗುವುದು ನ್ಯಾಸಾಪಹಾರ. ನೋಂದಣಿಯಿಲ್ಲದ ಕರಾರು, ಲೆಕ್ಕಕ್ಕೆ ಬಾರದ ಪಗಡಿಯ ಹಣ, ಇವು ಅಚೌರ್ಯವ್ರತದ ಅತಿಚಾರವಾದ ವಿರುದ್ಧರಾಜ್ಯಾತಿಕ್ರಮದೊಳಗೆ ಬರುತ್ತವೆ.

ಪರಿಗ್ರಹದ ಮಾತು ಬಂದಾಗ ನಾವು ಒಡೆಯನ ಕಡೆಗೇ ಬೆರಳು ತೋರುತ್ತೇವೆ. ಬೇರೆಡೆ ಸ್ವಂತ ಫ್ಲ್ಯಾಟ್ ಕೊಂಡು ಅಲ್ಲಿ ನೆಲೆಸಿ, ಚಾಳಿನ ಖೋಲಿಗೆ ವರ್ಷಗಟ್ಟಲೆ ಬೀಗ ಹಾಕಿಟ್ಟವನದೂ ಪರಿಗ್ರಹವೇ. ನಮ್ಮ ಶಾಸ್ತ್ರಕಾರರು ಪರಿಗ್ರಹದ ಬೇರನ್ನು ವಸ್ತುವಿಗಿಂತ ಹೆಚ್ಚಾಗಿ ಮನಸ್ಸಿನ ಅಂಟಿನಲ್ಲಿ ಕಂಡರು.

ಮಾಲೀಕನು ತನಗೇ ಮನೆ ಬೇಕೆಂದು ಕೇಳಿದಾಗ, ಯಾರ ಕಷ್ಟ ಹೆಚ್ಚಿನದೆಂದು ತೂಗಿ ನೋಡಬೇಕೆಂದು 16ನೆಯ ಕಲಮು ನ್ಯಾಯಾಲಯಕ್ಕೆ ವಿಧಿಸುತ್ತದೆ. ಆ ತೂಕವನ್ನು ದಾವೆಗೆ ಮೊದಲೇ ನಾವು ಏಕೆ ಮಾಡಬಾರದು? ನಮ್ಮ ಟ್ರಸ್ಟುಗಳಾದರೂ ಒಂದು ನಿಯಮ ಮಾಡಿಕೊಳ್ಳಲಿ: ಸಂಧಾನಕ್ಕೆ ಪ್ರಯತ್ನಿಸದೆ ತೆರವಿನ ದಾವೆ ಹೂಡಕೂಡದು, ಬಾಕಿಯಿರುವ ದಾವೆಗಳೆಷ್ಟು, ವಕೀಲರಿಗೆ ಸಂದ ಹಣವೆಷ್ಟು ಎಂಬುದನ್ನು ವಾರ್ಷಿಕ ಮಹಾಸಭೆಯ ಮುಂದಿಡಬೇಕು. ಬಾಡಿಗೆದಾರನು ಯಾವ ಧರ್ಮದವನಾದರೂ ಈ ನಿಯಮ ಒಂದೇ ಆಗಿರಬೇಕು.

ಇದಕ್ಕೊಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. ಸಮಾಜದ ಹಿರಿಯರು ಸೇರಿ ಮಾಡುವ ಸಂಧಾನದಲ್ಲಿ ದುರ್ಬಲನ ಬಾಯಿ ಮುಚ್ಚಿಸುವುದು ಸುಲಭ. ಆದ್ದರಿಂದ ಸಂಧಾನಕಾರರಲ್ಲಿ ಟ್ರಸ್ಟಿಗಳಾರೂ ಇರಕೂಡದು. ಬಾಡಿಗೆದಾರನಿಗೆ ತನ್ನದೇ ವಕೀಲರನ್ನು ಕೇಳುವ ಅವಕಾಶವಿರಬೇಕು. ಒಪ್ಪಂದವನ್ನು ಲೋಕ ಅದಾಲತ್ತಿನಲ್ಲಿ ದಾಖಲಿಸಬೇಕು. ಅಲ್ಲಿಯ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಒಪ್ಪಂದವಾಗದಿದ್ದರೆ ನ್ಯಾಯಾಲಯದ ಬಾಗಿಲು ಇಬ್ಬರಿಗೂ ತೆರೆದೇ ಇರುತ್ತದೆ.

ಕ್ಷಮಾವಣಿಯ ದಿನ ಪರಸ್ಪರ ಕೈಮುಗಿದು, ಮರುದಿನ ಮತ್ತೊಂದು ವಾಯಿದೆ ಕೇಳಲು ಕೋರ್ಟಿನ ಮೆಟ್ಟಿಲೇರುವ ಸಮಾಜದ ಕ್ಷಮೆಗೆ ಅರ್ಥವಿಲ್ಲ. ಬರುವ ಮಹಾಸಭೆಯಲ್ಲಿ ದಾವೆಗಳ ಲೆಕ್ಕವನ್ನು ಒಬ್ಬ ಸದಸ್ಯನಾದರೂ ಎದ್ದು ಕೇಳಲಿ.