ತೊಟ್ಟಿಲಲ್ಲಿರುವ ಜಾಮೀನುದಾರ

ಸಂಘದ ವಾರ್ಷಿಕೋತ್ಸವವಿರಲಿ, ಅರಸಿನ ಕುಂಕುಮ ಇರಲಿ, ಯಕ್ಷಗಾನದ ಮಧ್ಯಂತರದ ಚಹಾ ಇರಲಿ, ಈಚೆಗೆ ನಮ್ಮವರ ಮಾತುಕತೆಯಲ್ಲಿ 'ಪಿಆರ್' ಎಂಬ ಶಬ್ದ ಪದೇ ಪದೇ ಕೇಳಿಬರುತ್ತಿದೆ. "ಅವರ ಮಗನಿಗೆ ಸಿಂಗಾಪುರದಲ್ಲಿ ಪಿಆರ್ ಸಿಕ್ಕಿತಂತೆ" ಎಂದು ಒಬ್ಬರು ಹೇಳಿದರೆ, "ಇನ್ನೇನು, ಸಿಟಿಜನ್ ಆದ ಹಾಗೆಯೇ" ಎಂದು ಇನ್ನೊಬ್ಬರು ಸೇರಿಸುತ್ತಾರೆ. ಕೇಳಿದವರೆಲ್ಲ ಸಂತೋಷಪಡುತ್ತಾರೆ. ಸಂತೋಷಪಡಬೇಕಾದ ಸಂಗತಿಯೇ ಹೌದು. ಆದರೆ ಪಿಆರ್ ಆಗುವುದೂ ಸಿಟಿಜನ್ ಆಗುವುದೂ ಒಂದೇ ಅಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ನಮ್ಮ ಹೆಚ್ಚಿನ ಮನೆಗಳಲ್ಲಿ ಯಾರೂ ಕುಳಿತು ಲೆಕ್ಕ ಹಾಕಿಲ್ಲ.

ನಮ್ಮ ಹಿರಿಯರು ಹಡಗಿನಲ್ಲೋ ಬಸ್ಸಿನಲ್ಲೋ ಮುಂಬಯಿಗೆ ಬಂದಾಗ ಅವರ ಕೈಯಲ್ಲಿದ್ದುದು ಒಂದು ಟಿಕೆಟು ಮತ್ತು ಊರಿನವರೊಬ್ಬರ ಹೋಟೆಲಿನ ವಿಳಾಸ. ಹಗಲು ದುಡಿದರು, ರಾತ್ರಿ ಶಾಲೆಯಲ್ಲಿ ಕಲಿತರು, ಚಾಳಿನಲ್ಲಿ ಸಂಸಾರ ಹೂಡಿದರು. "ನೀನು ಈ ಊರಿನವನಾಗಬೇಕಾದರೆ ನಿನ್ನ ಊರನ್ನು ಬಿಟ್ಟುಕೊಡು" ಎಂದು ಯಾವ ಕಾನೂನೂ ಅವರನ್ನು ಕೇಳಲಿಲ್ಲ. ನಮ್ಮ ಸಂವಿಧಾನ ಇಡೀ ದೇಶಕ್ಕೆ ಒಂದೇ ಪೌರತ್ವ ಕೊಟ್ಟಿದೆ. ಹಾಗಾಗಿ ನಾವು ಜನ್ಮಭೂಮಿಯನ್ನೂ ಕರ್ಮಭೂಮಿಯನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕಿದೆವು. ಹೊರದೇಶಕ್ಕೆ ಹೋಗುವ ನಮ್ಮ ಮಕ್ಕಳಿಗೆ ಈ ಅನುಕೂಲ ಇಲ್ಲ. ಅಲ್ಲಿ ಪ್ರತಿ ಮೆಟ್ಟಿಲಿಗೂ ಒಂದು ಬೆಲೆ ಇದೆ.

ಸಿಂಗಾಪುರ ಸುಮಾರು 735 ಚದರ ಕಿಲೋಮೀಟರಿನ ಪುಟ್ಟ ದ್ವೀಪರಾಷ್ಟ್ರ. 1965ರ ಆಗಸ್ಟ್ 9ರಂದು ಸ್ವತಂತ್ರ ರಾಷ್ಟ್ರವಾಯಿತು. 2025ರ ಮಧ್ಯದ ಲೆಕ್ಕದಂತೆ ಅಲ್ಲಿನ ಜನಸಂಖ್ಯೆ ಸುಮಾರು 61 ಲಕ್ಷ. ಅದರಲ್ಲಿ ಪ್ರಜೆಗಳು ಸುಮಾರು 36 ಲಕ್ಷಕ್ಕೂ ಹೆಚ್ಚು, ಪಿಆರ್ ಅಂದರೆ ಕಾಯಂ ನಿವಾಸಿಗಳು 5 ಲಕ್ಷಕ್ಕೂ ಹೆಚ್ಚು. ಉಳಿದವರು ಕೆಲಸಕ್ಕಾಗಿಯೋ ಓದಿಗಾಗಿಯೋ ಬಂದ ಪರದೇಶಿಗಳು. ಅಂದರೆ ಆ ದ್ವೀಪದಲ್ಲಿ ಮೂರು ಬಗೆಯ ಜನ ಒಂದೇ ರೈಲಿನಲ್ಲಿ ಓಡಾಡಿದರೂ ಅವರ ಹಕ್ಕುಗಳು ಬೇರೆ ಬೇರೆ.

ಮೊದಲ ಮೆಟ್ಟಿಲು ಉದ್ಯೋಗದ ಪಾಸ್. ಪದವೀಧರ ಉದ್ಯೋಗಿಗಳ ಎಂಪ್ಲಾಯ್‌ಮೆಂಟ್ ಪಾಸಿಗೆ 2025ರಿಂದ ತಿಂಗಳಿಗೆ ಕನಿಷ್ಠ 5,600 ಸಿಂಗಾಪುರ ಡಾಲರ್ ಸಂಬಳ ಬೇಕು. ಬ್ಯಾಂಕು, ವಿಮೆಯಂಥ ಹಣಕಾಸು ಕ್ಷೇತ್ರದಲ್ಲಾದರೆ 6,200. ವಯಸ್ಸು ಹೆಚ್ಚಿದಂತೆ ಈ ಮಿತಿಯೂ ಏರುತ್ತದೆ. 2023ರ ಸೆಪ್ಟೆಂಬರಿನಿಂದ ಸಂಬಳ, ವಿದ್ಯಾರ್ಹತೆ ಮೊದಲಾದುವಕ್ಕೆ ಅಂಕ ಕೊಟ್ಟು, 40 ಅಂಕ ಬಂದವರಿಗೆ ಮಾತ್ರ ಪಾಸ್ ಕೊಡುವ ಪದ್ಧತಿಯೂ ಬಂದಿದೆ. ಕಟ್ಟಡ ಕೆಲಸ, ಹಡಗುಕಟ್ಟೆಯ ಕೆಲಸಕ್ಕೆ ವರ್ಕ್ ಪರ್ಮಿಟ್ ಮೇಲೆ ಹೋದ ಕಾರ್ಮಿಕ ಎಷ್ಟು ವರ್ಷ ದುಡಿದರೂ ಅದರ ಆಧಾರದಲ್ಲಿ ಪಿಆರ್‌ಗೆ ಅರ್ಜಿ ಹಾಕುವಂತಿಲ್ಲ. ಈ ಒಂದು ಮಾತನ್ನು ಮುಚ್ಚಿಟ್ಟು ಬಡ ಹುಡುಗರಿಂದ ಹಣ ಪಡೆಯುವ ಏಜೆಂಟರ ಬಗ್ಗೆ ಎಚ್ಚರವಿರಲಿ.

ಎರಡನೆಯ ಮೆಟ್ಟಿಲೇ ಪಿಆರ್. ಇಷ್ಟು ವರ್ಷ ದುಡಿದರೆ ಸಿಕ್ಕೇ ಸಿಗುತ್ತದೆ ಎಂಬ ನಿಯಮ ಇಲ್ಲ. ಅರ್ಜಿಯನ್ನು ಅಭ್ಯರ್ಥಿಯೇ ನೇರವಾಗಿ ಅಲ್ಲಿನ ವಲಸೆ ಇಲಾಖೆಗೆ ಸಲ್ಲಿಸಬಹುದು. ಕೊಡುವುದು ಬಿಡುವುದು ಇಲಾಖೆಗೆ ಬಿಟ್ಟದ್ದು, ನಿರಾಕರಿಸಿದರೆ ಕಾರಣ ಹೇಳುವುದಿಲ್ಲ. ಹೀಗಿರುವಾಗ 'ಗ್ಯಾರಂಟಿ ಪಿಆರ್' ಎಂದು ಯಾರಾದರೂ ಹೇಳಿದರೆ ಅದನ್ನು ನಂಬುವುದು ಹೇಗೆ? ಶ್ರೀಮಂತರಿಗೆ ಹೂಡಿಕೆಯ ದಾರಿ ಇದೆ. ಆದರೆ 2023ರಲ್ಲಿ ವ್ಯಾಪಾರದಲ್ಲಿ ತೊಡಗಿಸಬೇಕಾದ ಮೊತ್ತವನ್ನು 25 ಲಕ್ಷದಿಂದ 1 ಕೋಟಿ ಸಿಂಗಾಪುರ ಡಾಲರಿಗೆ ಏರಿಸಲಾಯಿತು. ಅದು ನಮ್ಮ ನಿಮ್ಮಂಥವರ ದಾರಿಯಲ್ಲ.

ಪಿಆರ್ ಆದರೆ ಲಾಭ ಇದೆ. 55 ವರ್ಷದೊಳಗಿನವರಿಗೆ ಮೂರನೆಯ ವರ್ಷದಿಂದ ಭವಿಷ್ಯನಿಧಿಗೆ ಸಂಬಳದ ಶೇ. 20 ನೌಕರನಿಂದ, ಶೇ. 17 ಮಾಲಕನಿಂದ ಜಮೆಯಾಗುತ್ತದೆ. ಮೂರು ವರ್ಷ ಪಿಆರ್ ಆಗಿದ್ದ ದಂಪತಿ ಸರ್ಕಾರಿ ವಸತಿ ಮಂಡಳಿಯ ಹಳೆಯ ಫ್ಲ್ಯಾಟನ್ನು ಮರುಖರೀದಿಗೆ ಪಡೆಯಬಹುದು. ಹೊಸ ಫ್ಲ್ಯಾಟಾದರೆ ಪ್ರಜೆ ಇರುವ ಕುಟುಂಬಕ್ಕೆ ಮಾತ್ರ. ಖಾಸಗಿ ಮನೆ ಕೊಂಡರೆ ಪರದೇಶಿ ಕಟ್ಟಬೇಕಾದ ಹೆಚ್ಚುವರಿ ಮುದ್ರಾಂಕ ಶುಲ್ಕ 2023ರ ಏಪ್ರಿಲಿನಿಂದ ಶೇ. 60. ಪಿಆರ್‌ಗೆ ಮೊದಲ ಮನೆಗೆ ಶೇ. 5, ಪ್ರಜೆಗೆ ಮೊದಲ ಮನೆಗೆ ಏನೂ ಇಲ್ಲ. ಈ ಅಂಕಿಗಳನ್ನು ನೋಡಿದ ಯಾವ ಗೃಹಸ್ಥನಿಗೂ ಪಿಆರ್ ಆಸೆ ಹುಟ್ಟುವುದು ಸಹಜ.

ಇದು ಜಮೆಯ ಬದಿ. ಖರ್ಚಿನ ಬದಿಯನ್ನೂ ನೋಡಬೇಕಲ್ಲವೇ?

ಉದ್ಯೋಗದ ಆಧಾರದಲ್ಲಿ ಪಿಆರ್ ಪಡೆದ ತಂದೆಗೆ ಸೈನಿಕ ಸೇವೆಯ ಕಡ್ಡಾಯ ಇಲ್ಲ. ಆದರೆ ಅವನ ಜೊತೆಗೆ ಪಿಆರ್ ಪಡೆದ ಮಗನಿಗೆ ಇದೆ. 1967ರಲ್ಲಿ ಜಾರಿಗೆ ಬಂದ ಈ ರಾಷ್ಟ್ರಸೇವೆಯ ಕಾನೂನಿನಂತೆ ಹುಡುಗ ಹದಿನಾರೂವರೆ ವರ್ಷಕ್ಕೆ ಹೆಸರು ನೋಂದಾಯಿಸಬೇಕು. ಹದಿನೆಂಟು ದಾಟಿದ ಮೇಲೆ ಎರಡು ವರ್ಷ ಪೂರ್ಣಾವಧಿ ಸೇನೆಯಲ್ಲೋ ಪೊಲೀಸಿನಲ್ಲೋ ನಾಗರಿಕ ರಕ್ಷಣಾ ಪಡೆಯಲ್ಲೋ ದುಡಿಯಬೇಕು. ಪಿಯುಸಿ ಮಟ್ಟದ ಓದು ಮುಗಿಸಲು ಬಿಡುತ್ತಾರೆ, ವಿಶ್ವವಿದ್ಯಾಲಯದ ಓದಿಗಾಗಿ ಮುಂದೂಡುವುದಿಲ್ಲ. ಆಮೇಲೂ ನಲವತ್ತರ ವಯಸ್ಸಿನವರೆಗೆ, ಅಧಿಕಾರಿಯಾದರೆ ಐವತ್ತರವರೆಗೆ, ಮೀಸಲು ಪಡೆಯ ಕರೆ ಬರಬಹುದು. ಹದಿಮೂರು ವರ್ಷ ತುಂಬಿದ ಹುಡುಗ ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ದೇಶದ ಹೊರಗಿರಬೇಕಾದರೆ ಅನುಮತಿ ಬೇಕು. ಅಜ್ಜನ ಮನೆಯಲ್ಲಿ ಒಂದು ವರ್ಷ ಇದ್ದು ಕನ್ನಡ ಕಲಿಯಲಿ ಎಂದು ಊರಿಗೆ ಕಳಿಸುವುದಿದ್ದರೂ ಅಷ್ಟೇ. ತಪ್ಪಿಸಿಕೊಂಡರೆ 10,000 ಡಾಲರಿನವರೆಗೆ ದಂಡ, ಮೂರು ವರ್ಷದವರೆಗೆ ಜೈಲು, ಅಥವಾ ಎರಡೂ. ಸೇವೆ ಮಾಡದೆ ಪಿಆರ್ ಬಿಟ್ಟರೆ ಮುಂದೆ ಅಲ್ಲಿ ಓದಲು, ದುಡಿಯಲು ಹಾಕುವ ಅರ್ಜಿಗೆ ಅದು ಅಡ್ಡ ಬರುತ್ತದೆ. ತಂದೆತಾಯಿಯ ಮರುಪ್ರವೇಶ ಪರವಾನಗಿಯ ನವೀಕರಣಕ್ಕೂ ತೊಡಕಾಗಬಹುದು.

ನಾವು ಸೈನಿಕ ಸೇವೆಯನ್ನು ಹೀಗಳೆಯುತ್ತಿಲ್ಲ. ಕೊಡಗಿನ ಮನೆಗಳಲ್ಲಿ ಕೇಳಿದರೆ ಅದರ ಗೌರವ ಏನೆಂದು ಹೇಳುತ್ತಾರೆ. ಆ ಪುಟ್ಟ ದೇಶ ತನ್ನ ಪ್ರತಿಯೊಬ್ಬ ಮಗನಿಂದ ಕೇಳುವ ಎರಡು ವರ್ಷವನ್ನು, ತನ್ನ ಶಾಲೆ, ರಸ್ತೆ, ಭದ್ರತೆಯಲ್ಲಿ ಪಾಲು ಪಡೆಯುವ ನಮ್ಮ ಮಗನಿಂದಲೂ ಕೇಳಿದರೆ ಅನ್ಯಾಯವೇನೂ ಇಲ್ಲ. ನಮ್ಮ ಪ್ರಶ್ನೆ ಬೇರೆ. ಬ್ಯಾಂಕಿನಲ್ಲಿ ಜಾಮೀನುದಾರನ ಕೈಗೆ ಪತ್ರ ಕೊಟ್ಟು, ಓದಿಸಿ, ಸಹಿ ಹಾಕಿಸಿಕೊಳ್ಳದೆ ಅವನನ್ನು ಸಾಲಕ್ಕೆ ಹೊಣೆ ಮಾಡುವುದಿಲ್ಲ. ಪಿಆರ್ ಅರ್ಜಿಯಲ್ಲಿ ಮಾತ್ರ ಸಹಿ ಹಾಕುವವನು ಅಪ್ಪ, ತೀರಿಸುವವನು ಮಗ. ಅರ್ಜಿ ಹಾಕುವ ದಿನ ಆ ಜಾಮೀನುದಾರ ಇನ್ನೂ ತೊಟ್ಟಿಲಲ್ಲಿರುತ್ತಾನೆ.

ಮೂರನೆಯ ಮೆಟ್ಟಿಲು ಪೌರತ್ವ. 21 ದಾಟಿದವರು ಎರಡು ವರ್ಷ ಪಿಆರ್ ಆಗಿದ್ದರೆ ಅರ್ಜಿ ಹಾಕಬಹುದು. ಆದರೆ ಸಿಂಗಾಪುರವೂ ಎರಡು ಪೌರತ್ವ ಒಪ್ಪುವುದಿಲ್ಲ, ಭಾರತವೂ ಒಪ್ಪುವುದಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯ 9ನೆಯ ವಿಧಿಯಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ಪಾಸ್‌ಪೋರ್ಟ್ ಹಿಂದಿರುಗಿಸಬೇಕು.

ಹೋದದ್ದು ಮಗನಿಗೆ ಮರಳಿ ಬರುತ್ತದೆಯೇ? ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಲ್ಲಿ ಕೊಟ್ಟ ತೀರ್ಪನ್ನು ನಮ್ಮವರು ಗಮನಿಸಬೇಕು. ಭಾರತೀಯ ದಂಪತಿ 1998ರಲ್ಲಿ ಸಿಂಗಾಪುರದ ಪೌರತ್ವ ಪಡೆದರು. ಮಗ ಆಗ ತಾಯಿಯ ಗರ್ಭದಲ್ಲಿದ್ದ, ಮರುವರ್ಷ ಅಲ್ಲಿಯೇ ಹುಟ್ಟಿದ. ಪ್ರಾಯಕ್ಕೆ ಬಂದ ಮೇಲೆ ತನಗೆ ಭಾರತದ ಪೌರತ್ವ ಮರಳಿ ಬೇಕೆಂದು ಕೇಳಿದ. ಮದ್ರಾಸ್ ಹೈಕೋರ್ಟು ಅವನ ಪರವಾಗಿ ಹೇಳಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಪೌರತ್ವವನ್ನು ಘೋಷಣೆ ಮಾಡಿ ತ್ಯಜಿಸಿದವರ ಮಕ್ಕಳಿಗೆ 8ನೆಯ ವಿಧಿಯಲ್ಲಿ ಮರಳುವ ಅವಕಾಶವಿದೆ, ಆದರೆ ಬೇರೆ ಪೌರತ್ವ ಪಡೆದು ತಾನಾಗಿ ಕಳೆದುಕೊಂಡವರ ಮಕ್ಕಳಿಗೆ ಅದು ಅನ್ವಯಿಸದು ಎಂದಿತು. ಹುಟ್ಟುವ ಮೊದಲೇ ಹಾಕಿದ ಸಹಿ ಅವನನ್ನು ಇಪ್ಪತ್ತೈದು ವರ್ಷದ ಮೇಲೂ ಬಿಡಲಿಲ್ಲ.

"ಓಸಿಐ ಕಾರ್ಡು ಇದೆಯಲ್ಲ" ಎನ್ನುವವರಿದ್ದಾರೆ. 2006ರಿಂದ ಕೊಡುತ್ತಿರುವ ಈ ಕಾರ್ಡು ಜೀವಮಾನದ ವೀಸಾ ಮಾತ್ರ, ಪೌರತ್ವವಲ್ಲ. ಮತದಾನ ಇಲ್ಲ, ಸರ್ಕಾರಿ ಉದ್ಯೋಗ ಸಾಮಾನ್ಯವಾಗಿ ಇಲ್ಲ. ಊರಿನ ಗದ್ದೆಯೋ ಅಡಿಕೆ ತೋಟವೋ ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅದರ ಬದಿಯ ಅರ್ಧ ಎಕರೆಯನ್ನು ಕೊಂಡುಕೊಳ್ಳುವಂತಿಲ್ಲ. ಇನ್ನು ಪಿಆರ್ ಆಗಿದ್ದು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರೂ ಕೆಲವು ಕೆಲಸ ಮರೆಯಬಾರದು. ವಿದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಹತ್ತು ವರ್ಷ ಹಳೆಯ ಖಾತೆಯನ್ನು ಹಾಗೆಯೇ ನಡೆಸಿ, ತಂದೆ ತೀರಿಕೊಂಡ ಮೇಲೆ ಕೌಂಟರಿಗೆ ಬಂದು ಒದ್ದಾಡುವವರನ್ನು ನಾವು ಕಂಡಿದ್ದೇವೆ. ಅಲ್ಲಿ ಮಗು ಹುಟ್ಟಿದ ಮಾತ್ರಕ್ಕೆ ಅದು ಸಿಂಗಾಪುರದ ಪ್ರಜೆಯಾಗುವುದಿಲ್ಲ, ತಂದೆ ಅಥವಾ ತಾಯಿ ಪ್ರಜೆಯಾಗಿರಬೇಕು. ಆದ್ದರಿಂದ ಒಂದು ವರ್ಷದೊಳಗೆ ಭಾರತದ ಹೈಕಮಿಷನ್ನಿನಲ್ಲಿ ಮಗುವಿನ ಜನನ ನೋಂದಾಯಿಸಬೇಕು.

ಊರಿನಲ್ಲೋ ಮುಂಬಯಿಯಲ್ಲೋ ಒಂಟಿಯಾಗಿರುವ ತಂದೆತಾಯಿಯ ಗತಿ ಏನು? ಎಂಪ್ಲಾಯ್‌ಮೆಂಟ್ ಪಾಸಿನವರು ಅವರನ್ನು ದೀರ್ಘಾವಧಿ ಪಾಸಿನಲ್ಲಿ ಕರೆಸಿಕೊಳ್ಳಬೇಕಾದರೆ ತಿಂಗಳ ಸಂಬಳ 12,000 ಡಾಲರ್ ಇರಬೇಕು. ವೃದ್ಧ ತಂದೆತಾಯಿಗೆ ಪಿಆರ್ ಕೇಳುವ ಅವಕಾಶ ಇರುವುದು ಪ್ರಜೆಗೆ ಮಾತ್ರ. ಭಾಷೆಯ ಮಾತೂ ಇದೆ. ಅಲ್ಲಿ ತಮಿಳು ಆಡಳಿತ ಭಾಷೆಗಳಲ್ಲೊಂದು. ಶಾಲೆಯಲ್ಲಿ ಭಾರತೀಯ ಮಕ್ಕಳು ಮಾತೃಭಾಷೆಯ ಜಾಗದಲ್ಲಿ ತಮಿಳು ಅಥವಾ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಆರಿಸಬಹುದು. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಕನ್ನಡ ಉಳಿಯಬೇಕಾದರೆ ಮನೆಯಲ್ಲಿ ಮತ್ತು ಅಲ್ಲಿನ ಕನ್ನಡ ಸಂಘದಲ್ಲಿ ಉಳಿಯಬೇಕು.

ಹಾಗಾದರೆ ಹೋಗಬೇಡಿ ಎನ್ನುತ್ತೇವೆಯೇ? ಖಂಡಿತ ಇಲ್ಲ. ವಲಸೆ ಬಂದು ಬದುಕು ಕಟ್ಟಿಕೊಂಡ ನಾವು ಮಕ್ಕಳ ಕಾಲಿಗೆ ಹಗ್ಗ ಕಟ್ಟುವುದು ಸರಿಯಲ್ಲ. ಹೆಣ್ಣುಮಕ್ಕಳೇ ಇರುವ ಮನೆಯ ಲೆಕ್ಕ ಬೇರೆ, ಹತ್ತು ವರ್ಷ ದುಡಿದು ಮರಳುವವರ ಲೆಕ್ಕ ಬೇರೆ, ಅಲ್ಲಿಯೇ ಬೇರು ಬಿಡುವವರ ಲೆಕ್ಕ ಬೇರೆ. ಮರಳುವ ಮನಸ್ಸಿದ್ದವರಿಗೆ ಉದ್ಯೋಗದ ಪಾಸೇ ಸಾಕಾಗಬಹುದು. ನೆಲೆಸುವ ಮನಸ್ಸಿದ್ದವರು ಮಗನ ಎರಡು ವರ್ಷವನ್ನು ಸಂತೋಷದಿಂದ ಒಪ್ಪಿಕೊಂಡೇ ಸಹಿ ಹಾಕಲಿ. ಮಗನಿಗೆ ತಿಳಿಯುವ ಪ್ರಾಯವಾಗಿದ್ದರೆ ಅವನನ್ನೂ ಕೂರಿಸಿ ಕೇಳಲಿ.

ನಮ್ಮ ಸಂಘ ಸಂಸ್ಥೆಗಳಲ್ಲಿ ಒಂದು ವಿನಂತಿ. ವಿದೇಶದಲ್ಲಿ ನೆಲೆಸಿದವರನ್ನು ಕರೆಸಿ ಶಾಲು ಹೊದಿಸಿ, ಸ್ಮರಣಿಕೆ ಕೊಟ್ಟು ಕಳಿಸುವುದು ನಮ್ಮ ವಾಡಿಕೆ. ಮುಂದಿನ ಬಾರಿ ಶಾಲು ಹೊದಿಸಿದ ಮೇಲೆ ಅವರಿಗೆ ಮೈಕು ಕೊಟ್ಟು ಅರ್ಧ ಗಂಟೆ ಮಾತನಾಡಿಸಿ. ಅವರ ಮಗ ಸೇನೆಯಲ್ಲಿದ್ದ ದಿನಗಳು ಹೇಗಿದ್ದವು, ತಾಯಿಯ ಕಾಯಿಲೆಗೆ ಬರಲಾಯಿತೇ, ಪಾಸ್‌ಪೋರ್ಟ್ ಹಿಂದಿರುಗಿಸಿದ ದಿನ ಏನನಿಸಿತು ಎಂದು ಕೇಳಿ. ಕೆಳಗೆ ಕುಳಿತ ಯುವ ದಂಪತಿಗಳಿಗೆ ಯಾವ ಏಜೆಂಟನೂ ಹೇಳದ ಲೆಕ್ಕ ಅಲ್ಲಿ ಸಿಗುತ್ತದೆ. ಸಹಿ ಹಾಕುವ ಮೊದಲು ಪತ್ರವನ್ನು ಪೂರ್ತಿ ಓದಬೇಕೆಂಬ ಮಾತು ಸಾಲಕ್ಕೆ ಮಾತ್ರವಲ್ಲ, ದೇಶಕ್ಕೂ ಅನ್ವಯಿಸುತ್ತದೆ.