ಎರಡು ತಿಂಗಳ ಬಿಡುವು ಸಾಲದ ಕಡಲತಳ

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆ, ಮಂಗಳೂರು ಬಂದರುಗಳಲ್ಲಿ ಟ್ರಾಲ್ ದೋಣಿಗಳು ಸಾಲಾಗಿ ನಿಂತಿರುತ್ತವೆ. ಮೀನುಗಳ ಸಂತಾನೋತ್ಪತ್ತಿಗಾಗಿ ವಿಧಿಸಲಾದ ಈ 61 ದಿನಗಳ ನಿಷೇಧವನ್ನು ಪಾಲಿಸಿ, ಕಡಲಿಗೆ ಸಲ್ಲಬೇಕಾದುದನ್ನು ಸಲ್ಲಿಸಿದೆವೆಂದು ನಾವು ನೆಮ್ಮದಿ ತಾಳುತ್ತೇವೆ. ಆದರೆ ತಪ್ಪಿಸಿಕೊಂಡು ಈಜಿಹೋಗಲಾರದೆ ಕೆಸರಿನಲ್ಲೇ ಬದುಕು ಮುಗಿಸುವ ಜೀವಿಗಳ ಲೆಕ್ಕ ಬೇರೆಯೇ ಇದೆ.

ಟ್ರಾಲ್ ಎಂದರೆ ದೋಣಿಯ ಹಿಂದೆ ಎಳೆಯುವ ಚೀಲದಾಕಾರದ ಬಲೆ. ಅದರ ಬಾಯಿ ತೆರೆದಿರಲು ಇಕ್ಕೆಲಗಳಲ್ಲಿ ಬಾಗಿಲಿನಂತಹ ಭಾರವಾದ ಹಲಗೆಗಳು, ಕೆಳಅಂಚಿಗೆ ತೂಕ ಕಟ್ಟಿದ ಹಗ್ಗ. ಸಿಗಡಿಯನ್ನು ನೆಲದಿಂದ ಎಬ್ಬಿಸಬೇಕಾದುದರಿಂದ ಇವು ತಳವನ್ನು ಉಜ್ಜುತ್ತಲೇ ಸಾಗಬೇಕು. ಹುಳುಗಳ ಬಿಲಗಳು ಕುಸಿಯುತ್ತವೆ, ಚಿಪ್ಪುಗಳು ಒಡೆಯುತ್ತವೆ, ಸ್ಪಂಜುಗಳು ಬುಡಸಮೇತ ಕಿತ್ತುಬರುತ್ತವೆ. ಎದ್ದ ರಾಡಿ, ನೀರನ್ನು ಸೋಸಿ ಬದುಕುವ ಜೀವಿಗಳ ಮೇಲೆ ಕೂರುತ್ತದೆ. ಪದೇಪದೇ ಎಳೆದಲ್ಲಿ ನಿಧಾನವಾಗಿ ಬೆಳೆಯುವ ದೊಡ್ಡ ಜೀವಿಗಳು ಕ್ಷೀಣಿಸಿ, ಬೇಗ ಹುಟ್ಟಿ ಬೇಗ ಸಾಯುವ ಸಣ್ಣವು ಉಳಿಯುತ್ತವೆ. ತಳದಲ್ಲಿ ಜೀವವಿದೆಯಲ್ಲ ಎನ್ನುವವರಿಗೆ ಇಷ್ಟೇ ಉತ್ತರ: ತೋಟ ಕಡಿದ ಜಾಗದ ಕಳೆಯೂ ಹಸಿರೇ.

ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಹಲಗೆ ಕಟ್ಟಿದ ಟ್ರಾಲ್ ಒಮ್ಮೆ ಹಾದುಹೋದರೆ ತಳದ ಜೀವರಾಶಿಯ ಸುಮಾರು ಶೇ. 6 ನಾಶವಾಗುತ್ತದೆ. ಇದು ಅಲ್ಪವೆನಿಸಬಹುದು. ಆದರೆ ಅರ್ಧಕ್ಕಿಳಿದ ಜೀವರಾಶಿ ಶೇ. 95ಕ್ಕೆ ಮರಳಲು ಸಾಮಾನ್ಯವಾಗಿ 1.9ರಿಂದ 6.4 ವರ್ಷ ಬೇಕೆಂದು ಅದೇ ವಿಶ್ಲೇಷಣೆ ಹೇಳುತ್ತದೆ. ನಮ್ಮ ಬೆಚ್ಚನೆಯ ಕಡಲಲ್ಲಿ ಚೇತರಿಕೆ ಶೀಘ್ರವೆಂದು ವಾದಿಸಿದರೂ, ಹತ್ತು ತಿಂಗಳು ಉಜ್ಜಿದ ನೆಲಕ್ಕೆ ಎರಡು ತಿಂಗಳ ಬಿಡುವು ಯಾವ ಲೆಕ್ಕ?

ಹುಳುಗಳಿಗಾಗಿ ಇಷ್ಟೊಂದು ಮರುಕವೇಕೆಂದು ಕೇಳುವವರು ತಮ್ಮ ತಟ್ಟೆಯನ್ನು ನೋಡಿಕೊಳ್ಳಲಿ. ನಾವು ಇಷ್ಟಪಡುವ ನಂಗ್ ಮೀನಿನ ಮುಖ್ಯ ಆಹಾರಗಳಲ್ಲಿ ಕೆಸರಿನ ಹುಳುಗಳೂ ಸೇರಿವೆ. ಬಲೆಗೆ ಸಿಕ್ಕ ಮರಿಮೀನು, ಸಣ್ಣ ಏಡಿಗಳ ರಾಶಿಯಂತೂ ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಬೆಳೆದಿದ್ದರೆ ಸಿಗಬಹುದಾಗಿದ್ದ ಬೆಲೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಟ್ರಾಲ್ ದೋಣಿಗಳನ್ನು ಒಮ್ಮೆಲೇ ನಿಲ್ಲಿಸಿರೆಂದು ನಾವು ಹೇಳುತ್ತಿಲ್ಲ. ದೋಣಿಯಲ್ಲಿ ದುಡಿಯುವವರು, ಮಂಜುಗಡ್ಡೆ ಹೊರುವವರು, ಬುಟ್ಟಿ ಹೊತ್ತು ಮಾರುವ ಮೊಗವೀರ ಮಹಿಳೆಯರು, ಮೀನಿನ ವ್ಯಾಪಾರವನ್ನೇ ನಂಬಿದ ಬ್ಯಾರಿ ಕುಟುಂಬಗಳು, ಎಲ್ಲರ ಅನ್ನ ಅದರಲ್ಲಿದೆ. ನಿಷೇಧದ ಹೊಡೆತ ದೋಣಿ ಮಾಲೀಕನಿಗಿಂತ ಮೊದಲು ಕೂಲಿಯವನಿಗೆ ತಟ್ಟುತ್ತದೆ. ಆದರೆ ಎಲ್ಲ ತಳಕ್ಕೂ ಎರಡು ತಿಂಗಳ ರಜೆ ಕೊಡುವುದರ ಜೊತೆಗೆ, ಕೆಲವು ತಳಗಳನ್ನಾದರೂ ಹಲವು ವರ್ಷ ಮುಟ್ಟದೆ ಬಿಡಬೇಕು. ಆ ಜಾಗಗಳು ಯಾವುವೆಂದು ಬಂದರಿನ ಹಿರಿಯ ತಂಡೇಲರು ಮತ್ತು ವಿಜ್ಞಾನಿಗಳು ಒಂದೇ ಮೇಜಿನ ಸುತ್ತ ಕುಳಿತು ಗುರುತಿಸಲಿ. ಆ ಮಾತುಕತೆ ಮುಂದಿನ ಆಗಸ್ಟ್‌ನಲ್ಲಿ ದೋಣಿಗಳು ಹೊರಡುವ ಮುನ್ನವೇ ನಡೆಯಲಿ.